ಸಿಂಗಾಪುರದಲ್ಲಿ ದಿನಕ್ಕೊಂದು ಸಾಲು

ಸಿಂಗಾಪುರದಲ್ಲಿ ಏನೇನು ನೋಡಿದೆ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಅಲ್ಲಿ ಎರಡೂವರೆ ತಿಂಗಳಿದ್ದೆ. ಹೆಚ್ಚು ನೋಡಿದ್ದು ಆಸ್ಪತ್ರೆಯ ಗೋಡೆ. ಎತ್ತರದ ಕಟ್ಟಡ, ದೀಪದ ತೋಟ, ಬಾಯಿಂದ ನೀರು ಬಿಡುವ ಸಿಂಹ ಇವೆಲ್ಲ ಬೇಕಾದವರು ಫೋನಿನಲ್ಲೇ ನೋಡಿಕೊಳ್ಳಬಹುದು. ನಾನು ಹೋದದ್ದು ತಿರುಗಾಟಕ್ಕಲ್ಲ, ಜೀವ ಉಳಿಸಿಕೊಳ್ಳಲಿಕ್ಕೆ. ಆದರೂ ಪರದೇಶ ಪರದೇಶವೇ. ನಮ್ಮ ಮೀನು ಮಾರುವ ಹೆಂಗಸರ ಸಂಘದವರು, "ಗುಲಾಬಕ್ಕ, ವರ್ಷದ ಪುಸ್ತಕಕ್ಕೆ ನೀವೊಂದು ಬರೆಯಲೇಬೇಕು" ಎಂದು ಹಿಡಿದು ಕೂತರು. ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರದ ತಪ್ಪನ್ನು ಮೊಮ್ಮಗಳು ಅಶ್ವಿನಿ ತಿದ್ದಿದ್ದಾಳೆ. ಉಳಿದದ್ದನ್ನು ಮುಟ್ಟಬೇಡ ಎಂದಿದ್ದೇನೆ. ನಾನು ಮಾಡಿದ ಹುಚ್ಚು ಕೆಲಸವೂ ಇದರಲ್ಲಿದೆ. ಅದನ್ನು ಬಿಟ್ಟು ಬರೆದರೆ ಬರೆದು ಪ್ರಯೋಜನವಿಲ್ಲ.

ಗಂಗೊಳ್ಳಿ

ನಲವತ್ತೆರಡು ವರ್ಷ ಮೀನು ಮಾರಿದ್ದೇನೆ. ಬೆಳಿಗ್ಗೆ ಬಂದರಿನ ಏಲಂನಲ್ಲಿ ಮೀನು ಹಿಡಿದು, ಬುಟ್ಟಿಗೆ ಹಾಕಿ, ಒಂದು ದಿನ ಬೈಂದೂರು ಕಡೆಯ ಬಸ್ಸು, ಒಂದು ದಿನ ಬ್ರಹ್ಮಾವರದ್ದು. ಹಾಗಾಗಿ ಬೆನ್ನು ನೋವು ಬಂದಾಗ ಬುಟ್ಟಿಯ ನೋವೆಂದೇ ಎಣಿಸಿ ಎಣ್ಣೆ ತಿಕ್ಕಿಕೊಂಡೆ. ಒಂದು ದಿನ ಬಸ್ಸಿನಲ್ಲಿ ಕೆಮ್ಮಿದ್ದಕ್ಕೆ ಪಕ್ಕೆಲುಬು ಮುರಿಯಿತು. ಕೆಮ್ಮಿಗೆ ಎಲುಬು ಮುರಿಯುವುದುಂಟೇ? ತೋರಿಸಲು ಹೋದರೆ, ಎಲುಬಿನೊಳಗಿನ ಮಜ್ಜೆಯಲ್ಲಿ ಕ್ಯಾನ್ಸರ್ ಎಂದರು. ಎರಡು ಬಗೆಯ ಮದ್ದು ಆಯಿತು. ಎರಡು ಸಲವೂ ಹೋಯಿತು ಎಂದುಕೊಂಡದ್ದು ತಿರುಗಿ ಬಂತು.

ಮೂರನೆಯ ಸಲ ನಮ್ಮ ಡಾಕ್ಟರಮ್ಮ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತರು. ಡಾಕ್ಟರು ಕುರ್ಚಿ ಹತ್ತಿರ ಎಳೆದರೆ ಸುದ್ದಿ ಒಳ್ಳೆಯದಲ್ಲ ಎಂದು ಅಷ್ಟರಲ್ಲಿ ಕಲಿತಿದ್ದೆ. ಇಲ್ಲಿನ ಮದ್ದು ಇನ್ನು ಹೆಚ್ಚು ದಿನ ಎಳೆಯುವುದಿಲ್ಲ ಎಂದರು. ಸಿಂಗಾಪುರದ ಒಂದು ಆಸ್ಪತ್ರೆಯಲ್ಲಿ ಹೊಸ ಚಿಕಿತ್ಸೆಯ ಪ್ರಯೋಗ ನಡೆಯುತ್ತಿದೆ, ನಮ್ಮದೇ ರಕ್ತದ ಕಣ ತೆಗೆದು, ರೋಗವನ್ನು ಗುರುತು ಹಿಡಿಯಲು ಅದಕ್ಕೆ ಕಲಿಸಿ, ತಿರುಗಿ ನಮ್ಮೊಳಗೇ ಬಿಡುತ್ತಾರೆ ಎಂದರು. ಖರ್ಚು ಪ್ರಯೋಗದವರದ್ದು, ಗುಣವಾಗುತ್ತದೆಂದು ಮಾತು ಕೊಡುವುದು ಮಾತ್ರ ಯಾರಿಂದಲೂ ಆಗುವುದಿಲ್ಲ ಎಂದೂ ಹೇಳಿದರು.

ಕೋಡಿಯ ಬೇಬಿ ನನ್ನ ಜೊತೆಗೇ ಬುಟ್ಟಿ ಹಿಡಿದವಳು. ಸುದ್ದಿ ಕೇಳಿ ಓಡಿ ಬಂದಳು.

"ಪ್ರಯೋಗ ಅಂಬುದ್ ಇಲಿ ಮೇಲೆ ಮಾಡುದಲ್ದನಾ ಗುಲಾಬಿ?"

"ಇಲಿ ಮೇಲ್ ಮಾಡಿ ಮುಗ್ದಿತಂಬ್ರ್. ಈಗ ನನ್ನ ಸರದಿ."

"ತಮಾಷಿ ಸಾಕ್. ಅಷ್ಟ್ ದೂರ ಹೋಯಿ ಎಂತಾರೂ ಆರೆ?"

"ಇಲ್ಲೇ ಕೂಕಂಡ್ರೆ ಎಂತ ಆತ್ತ್ ಅಂಬುದ್ ಗೊತ್ತಿತ್ತಲೆ ಮಾರಾಯ್ತಿ. ಅಲ್ಲಿ ಎಂತ ಆತ್ತ್ ಅಂಬುದ್ ಗೊತ್ತಿಲ್ಲೆ. ಗೊತ್ತಿಲ್ದಿದ್ದದ್ದೇ ಲಾಯ್ಕ್."

ನನ್ನ ಧೈರ್ಯ ಅಷ್ಟೇ ಇದ್ದದ್ದು. ಅದಕ್ಕಿಂತ ದೊಡ್ಡದನ್ನು ಯಾರೂ ನನ್ನ ತಲೆಗೆ ಕಟ್ಟಬೇಡಿ.

ವಿಮಾನ

ಜೊತೆಗೆ ಬಂದವಳು ಅಶ್ವಿನಿ, ಮಗಳ ಮಗಳು. ಕುಂದಾಪುರದ ಔಷಧಿ ಅಂಗಡಿಯಲ್ಲಿ ಕೆಲಸ. ಇಂಗ್ಲಿಷು ಬರುತ್ತದೆ, ಮದ್ದಿನ ಹೆಸರು ಬರುತ್ತದೆ, ಅಜ್ಜಿಗೆ ಬೈಯಲೂ ಬರುತ್ತದೆ. ಇನ್ನೇನು ಬೇಕು?

ವಿಮಾನ ನಿಲ್ದಾಣದಲ್ಲಿ ನನ್ನನ್ನು ಚಕ್ರದ ಕುರ್ಚಿಯಲ್ಲಿ ಕೂರಿಸಿದರು. ತಲೆ ಮೇಲೆ ಮೂವತ್ತು ಕಿಲೋ ಹೊತ್ತು ಓಡುವ ಬಸ್ಸು ಹತ್ತಿದವಳನ್ನು ಇನ್ನೊಬ್ಬರು ತಳ್ಳುವುದೆಂದರೆ ನನಗೆ ನಾಚಿಕೆ. ಅಶ್ವಿನಿ ಕಾಗದ ತೋರಿಸಲು ಹೋದಾಗ ಎದ್ದು, ಖಾಲಿ ಕುರ್ಚಿಯನ್ನು ನಾನೇ ತಳ್ಳಿಕೊಂಡು ಹೊರಟೆ. ಯಾರೋ ಒಬ್ಬಾಕೆ ನನ್ನನ್ನು ಅಲ್ಲಿಯ ಕೆಲಸದವಳೆಂದು ತಿಳಿದು, ತನ್ನ ಮುದಿ ಅತ್ತೆಯನ್ನು ತಂದು ಅದರಲ್ಲಿ ಕೂರಿಸಿಬಿಟ್ಟಳು. ಪಾಪ, ಸ್ವಲ್ಪ ದೂರ ತಳ್ಳಿದೆ. ಅಶ್ವಿನಿ ಬಂದು ನೋಡಿ ಹಣೆ ಚಚ್ಚಿಕೊಂಡಳು.

ಊಟದ ಕಟ್ಟೆ

ಅಲ್ಲಿ ಬೀದಿ ಬದಿಯ ಹೋಟೆಲುಗಳನ್ನೆಲ್ಲ ಒಂದೇ ಮಾಡಿನ ಕೆಳಗೆ ತಂದು ಕೂರಿಸಿದ್ದಾರೆ. ಎಲ್ಲರಿಗೂ ಸೇರಿ ನಡುವೆ ಮೇಜುಗಳು. ಮೊದಲ ದಿನ ಒಂದು ಖಾಲಿ ಮೇಜು ಕಂಡು ಕೂತೆ. ಮೇಜಿನ ಮೇಲೆ ಮೂಗೊರೆಸುವ ಕಾಗದದ ಒಂದು ಪೊಟ್ಟಣ ಇತ್ತು. ಗಿರಾಕಿಗಳಿಗೆಂದು ಇಟ್ಟಿದ್ದಾರೆ, ಎಷ್ಟು ಒಳ್ಳೆಯವರು ಎಂದುಕೊಂಡು ಬಿಚ್ಚಿ ಮುಖ ಒರೆಸಿದೆ, ಎರಡು ಹಾಳೆ ಸೊಂಟಕ್ಕೂ ಸಿಕ್ಕಿಸಿಕೊಂಡೆ. ಅಷ್ಟರಲ್ಲಿ ಒಬ್ಬ ಮನುಷ್ಯ ತಟ್ಟೆ ಹಿಡಿದು ಬಂದು ಎದುರು ನಿಂತ. ಬೈಯಲಿಲ್ಲ, ಕೂರಲೂ ಇಲ್ಲ. ಸುಮ್ಮನೆ ಪೊಟ್ಟಣವನ್ನೇ ನೋಡಿದ. ಮೇಜು ತನ್ನದೆಂದು ಹೇಳಲು ಅಲ್ಲಿ ಜನ ಹಾಗೆ ಒಂದು ಪೊಟ್ಟಣ ಇಟ್ಟು ಊಟ ತರಲು ಹೋಗುತ್ತಾರಂತೆ. ನಾವು ಬಸ್ಸಿನ ಕಿಟಕಿಯಿಂದ ಟವೆಲು ಎಸೆಯುತ್ತೇವಲ್ಲ, ಅದೇ. ಆದರೆ ಬಿಚ್ಚಿದ ಪೊಟ್ಟಣಕ್ಕೆ ಅವನು ಜಗಳ ಮಾಡಲಿಲ್ಲ. ನಮ್ಮ ಬಸ್ಸಿನಲ್ಲಾದರೆ ಕಂಡಕ್ಟರು ಬರಬೇಕಿತ್ತು.

ಮೀನು ಪೇಟೆ

ರಕ್ತ ತೆಗೆದ ಮೇಲೆ ಕಣಗಳಿಗೆ ಪಾಠ ಮುಗಿಯಲು ನಾಲ್ಕು ವಾರ ಬೇಕೆಂದರು. ನಾನು ನಾಲ್ಕು ವರ್ಷ ಶಾಲೆಗೆ ಹೋಗಿ ಕಲಿತದ್ದಕ್ಕಿಂತ ಅವು ನಾಲ್ಕು ವಾರದಲ್ಲಿ ಹೆಚ್ಚು ಕಲಿಯಲಿ ಎಂದು ಹಾರೈಸಿ, ನಾವಿದ್ದ ಕೋಣೆಯ ಹತ್ತಿರದ ಮೀನು ಪೇಟೆಗೆ ಹೋದೆ.

ನೆಲ ತೊಳೆದು ಹೊಳೆಯುತ್ತಿತ್ತು. ಒಂದು ನೊಣವಿಲ್ಲ, ಒಂದು ಕಾಗೆಯಿಲ್ಲ, ಕೂಗುವವರೂ ಇಲ್ಲ. ಕೂಗದೆ ಮೀನು ಮಾರುವುದು ಹೇಗೆಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ರಬ್ಬರ್ ಬೂಟು ಹಾಕಿದ್ದ ನನ್ನ ವಯಸ್ಸಿನ ಚೀನೀ ಹೆಂಗಸೊಬ್ಬಳು ಐಸಿನ ಮೇಲೆ ಮಾಂಜಿ ಮೀನು ಸಾಲಾಗಿ ಇಟ್ಟಿದ್ದಳು. ನಾನು ಒಂದರ ಕಿವಿರು ಎತ್ತಿದೆ. ಒಳಗೆ ಕಂದು, ಹಳೆಯ ಮೀನು. ಅವಳ ಮುಖ ನೋಡಿ ತಲೆ ಅಲ್ಲಾಡಿಸಿದೆ. ಅವಳೂ ನನ್ನ ಮುಖ ನೋಡಿದಳು. ಆಮೇಲೆ ಮಾತಾಡದೆ ಐಸಿನ ಅಡಿಗೆ ಕೈ ಹಾಕಿ ಬೇರೊಂದು ಮಾಂಜಿ ತೆಗೆದಳು. ಕಿವಿರು ದಾಸವಾಳದ ಹಾಗೆ ಕೆಂಪು. ಇಬ್ಬರಿಗೂ ನಗು ಬಂತು. ಒಳ್ಳೆಯ ಮೀನು ಐಸಿನ ಅಡಿಯಲ್ಲಿ ಇರುವುದು ಸಿಂಗಾಪುರದಲ್ಲೂ ಹಾಗೆಯೇ.

"ಹಸಿ ಮೀನ್ ಮುಟ್ಟುಕಾಗ ಅಂತ ಡಾಕ್ಟ್ರ್ ಹೇಳಿರಲೆ ಅಮ್ಮಮ್ಮ!" ಅಶ್ವಿನಿ ಹಿಂದಿನಿಂದ ಕೂಗಿದಳು.

"ಮುಟ್ಲಿಲ್ಲೆ ಹೆಣೆ. ಕಿವಿರ್ ಮಾತ್ರ ಎತ್ತದ್."

ಆ ಪೇಟೆಯಲ್ಲಿ ಅವತ್ತು ಕೇಳಿದ ಕೂಗು ಅದೊಂದೇ.

ಆಸ್ಪತ್ರೆಯ ಎಂಟನೇ ಮಹಡಿ

ಕಣಗಳನ್ನು ಒಳಗೆ ಬಿಡಲು ಹಿಡಿದದ್ದು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು. ಅಂಗೈಯಷ್ಟು ಚೀಲ. ಇದಕ್ಕಾಗಿ ಸಮುದ್ರ ದಾಟಿ ಬಂದೆವೇ ಅನಿಸಿತು. ಕಣ ಕೆಡದಂತೆ ಹಾಕುವ ಮದ್ದಿನಿಂದಾಗಿ ನನ್ನ ಉಸಿರಿಗೆ ಒಂದು ವಾಸನೆ ಬಂತು. ಅಶ್ವಿನಿ ಮೂಗು ಮುಚ್ಚಿಕೊಂಡಳು. ನನಗೇನೂ ಅನಿಸಲಿಲ್ಲ, ಸಂಜೆ ಬುಟ್ಟಿ ತೊಳೆದ ನೀರಿನ ವಾಸನೆ ಅದು.

ಅಪಾಯ ಇದ್ದದ್ದು ಆಮೇಲಿನ ಎರಡು ವಾರದಲ್ಲಿ. ಕಣಗಳು ರೋಗದ ಮೇಲೆ ಬಿದ್ದಾಗ ಜ್ವರ ಬರುತ್ತದೆ, ಕೆಲವರಿಗೆ ಮಂಡೆಗೂ ಏರುತ್ತದೆ. ಮಂಡೆಗೆ ಏರಿದ್ದು ಮೊದಲು ಗೊತ್ತಾಗುವುದು ಕೈಬರಹದಲ್ಲಂತೆ. ಅದಕ್ಕೆ ದಿನಾ ಬೆಳಿಗ್ಗೆ ಒಂದೇ ಸಾಲನ್ನು ಬರೆದು, ತಾರೀಕು ಹಾಕಿ ಕೊಡಬೇಕು. ಯಾವ ಭಾಷೆಯಾದರೂ ಸರಿ, ಮೊದಲ ದಿನದ ಹಾಳೆಯ ಜೊತೆ ಇಟ್ಟು ನೋಡುತ್ತಾರೆ. ನಾನು ಆರಿಸಿದ ಸಾಲು: "ಮೀನು ತಾಜಾ ಇದೆ, ಬೇಕಾದರೆ ಕಿವಿರು ಎತ್ತಿ ನೋಡಿ." ಬಾಯಲ್ಲಿ ಲಕ್ಷ ಸಲ ಹೇಳಿದ್ದೇನೆ. ಬರೆದದ್ದು ಅದೇ ಮೊದಲು.

ಹಾಳೆ ತೆಗೆದುಕೊಳ್ಳಲು ಬರುತ್ತಿದ್ದವಳು ಲಿನ್ ಎಂಬ ನರ್ಸು. ಸಣ್ಣ ಆಳು, ದೊಡ್ಡ ಹೆಜ್ಜೆ. ಅವಳು ನೋಡುತ್ತಾ ನಿಂತರೆ ನನ್ನ ಕೈ ನಡುಗುತ್ತಿತ್ತು. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರು ಹಿಂದೆ ಬಂದು ನಿಂತಾಗ ಆಗುತ್ತಿತ್ತಲ್ಲ, ಹಾಗೆ. ಕೈ ಬೀಸಿ ಅವಳನ್ನು ಹೊರಗೆ ಕಳುಹಿಸುತ್ತಿದ್ದೆ. ಅವಳು ನಕ್ಕು ಪಕ್ಕದ ಕೋಣೆಗೆ ಹೋಗಿ ಬರುತ್ತಿದ್ದಳು.

ಈಗ ನನ್ನ ಹುಚ್ಚು ಕೆಲಸ. ಒಪ್ಪಿಗೆಯ ಕಾಗದ ಓದಿ ಹೇಳುವಾಗ ಅಶ್ವಿನಿ, "ತೊಂದರೆ ಜೋರಾದರೆ ಪ್ರಯೋಗದಿಂದ ಬಿಡಿಸಬಹುದು" ಎಂಬ ಒಂದು ಸಾಲು ಓದಿದ್ದಳು. ಅದು ನನ್ನ ತಲೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಅಕ್ಷರ ಕೆಟ್ಟರೆ ತೊಂದರೆ ಎಂದು ಬರೆದುಕೊಳ್ಳುತ್ತಾರೆ, ತೊಂದರೆ ಬಂದರೆ ಮನೆಗೆ ಕಳುಹಿಸುತ್ತಾರೆ, ಮನೆಯಲ್ಲಿ ನನಗೆ ಬೇರೆ ಮದ್ದಿಲ್ಲ. ಲೆಕ್ಕ ಸರಿಯಾಗಿಯೇ ಇದೆ ಎಂದುಕೊಂಡೆ. ನಮ್ಮ ಕಸುಬೂ ಹೇಳಿಕೊಟ್ಟದ್ದು ಅದನ್ನೇ. ಮಳೆಗಾಲದಲ್ಲಿ ದೋಣಿ ಇಳಿಯುವುದಿಲ್ಲ ಎಂದು ಗೊತ್ತಿದ್ದವರು ಬಿಸಿಲಿರುವಾಗಲೇ ಉಪ್ಪು ಹಾಕಿ ಒಣಗಿಸಿ ಇಡುತ್ತೇವೆ.

ಎರಡನೆಯ ದಿನ ಮಧ್ಯಾಹ್ನ ಮೈ ಹಗುರ ಇತ್ತು, ಕೈ ಗಟ್ಟಿ ಇತ್ತು. ಕಡತದಲ್ಲಿದ್ದ ಖಾಲಿ ಹಾಳೆಗಳನ್ನು ತೆಗೆದು, ಮುಂದಿನ ಹನ್ನೆರಡು ದಿನದ ಸಾಲನ್ನೂ ಬರೆದು, ಹನ್ನೆರಡು ತಾರೀಕು ಹಾಕಿ, ತಲೆದಿಂಬಿನ ಚೀಲದೊಳಗೆ ತುರುಕಿದೆ. ಅಶ್ವಿನಿಗೂ ಹೇಳಲಿಲ್ಲ. ಆ ರಾತ್ರಿ ಎಷ್ಟು ಚೆನ್ನಾಗಿ ನಿದ್ದೆ ಬಂತೆಂದರೆ ಹೇಳಬಾರದು.

ಆರನೇ ದಿನ

ಮೂರನೇ ದಿನ ಜ್ವರ ಹಿಡಿಯಿತು. ನಾಲ್ಕನೇ ದಿನ, ಐದನೇ ದಿನ ಅದೇ ಜ್ವರ. ಆದರೂ ನನ್ನ ಅಕ್ಷರ ಮಾತ್ರ ಮುತ್ತಿನ ಹಾಗೆ. ಲಿನ್ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದಳು, ನಾನೂ ಎತ್ತುತ್ತಿದ್ದೆ.

ಆರನೇ ದಿನದ್ದು ನನಗೆ ಚೂರು ಚೂರು ನೆನಪು. ಎಚ್ಚರಾದಾಗ ಮಂಚ ದೋಣಿಯ ಹಾಗೆ ತೂಗುತ್ತಿತ್ತು. ಲಿನ್ ಬಂದಳು. ದಿಂಬಿನೊಳಗೆ ಕೈ ಹಾಕಿ ಸಿಕ್ಕಿದ ಹಾಳೆಯನ್ನು ಕೊಟ್ಟೆ. ಅವಳು ಬಾಗಿಲವರೆಗೆ ಹೋದವಳು ನಿಂತಳು. ತಿರುಗಿ ಬಂದು ಹಾಳೆಯ ಮೂಲೆಯನ್ನು ಬೆರಳಿಂದ ತೋರಿಸಿದಳು. ನಾನು ಕೊಟ್ಟದ್ದು ಎಂಟನೇ ದಿನದ ಹಾಳೆ. ಕನ್ನಡದ ಒಂದಕ್ಷರ ಬಾರದ ಹುಡುಗಿ ತಾರೀಕು ಓದಿದ್ದಳು.

ಅದು ತಾರೀಕು ಎಂದು ನನಗೆ ಗೊತ್ತಾಗಲಿಲ್ಲ. ಅಂಕಿ ಎಂದೂ ಗೊತ್ತಾಗಲಿಲ್ಲ. ಇರುವೆ ಹರಿದಾಡಿದಂತೆ ಕಂಡಿತು.

ಲಿನ್ ಹೊಸ ಹಾಳೆ ಇಟ್ಟು ಪೆನ್ನು ಕೈಗೆ ಕೊಟ್ಟಳು. ಈ ಸಲ ನಾನು ಕೈ ಬೀಸಿದರೂ ಹೋಗಲಿಲ್ಲ. ಆ ಹಾಳೆಯನ್ನು ಆಮೇಲೆ ನೋಡಿದೆ. "ಮೀ" ಎಂಬ ಒಂದಕ್ಷರ, ಅಲ್ಲಿಂದ ಗೆರೆ ಕೆಳಗೆ ಜಾರಿ ಕಾಗದ ಬಿಟ್ಟು ಹೊದಿಕೆಯ ಮೇಲೆ ಹೋಗಿತ್ತು. ಅವಳು ಗಂಟೆ ಒತ್ತಿದಳು. ಡಾಕ್ಟರು ಎಲ್ಲರನ್ನೂ ನೋಡಲು ಬರುವುದು ಎಂಟು ಗಂಟೆಗೆ. ಅವತ್ತು ಆರೂವರೆಗೇ ನನ್ನ ಸುತ್ತ ಆರು ಜನ ಇದ್ದರಂತೆ.

ಅಲ್ಲಿಂದ ಮೂರು ದಿನ ನನ್ನ ಲೆಕ್ಕದಲ್ಲಿ ಇಲ್ಲ. ಅಶ್ವಿನಿ ಹೇಳಿದ್ದನ್ನು ಬರೆಯುತ್ತೇನೆ. ಅವಳನ್ನು ಬೇಬಿ ಎಂದು ಕರೆದೆನಂತೆ. ಡಾಕ್ಟರ ಕೊರಳಲ್ಲಿದ್ದ ಕೊಳವೆಯನ್ನು ಹಿಡಿದೆಳೆದು, "ಇದ್ ಹಾವ್‌ಮೀನಾ? ಇದನ್ನೆಲ್ಲ ಯಾರ್ ತಿಂತ್ರ್ ಹೋಯ್?" ಎಂದು ಕೇಳಿದೆನಂತೆ. ಹೀಗೆ ಹೇಳುವಾಗ ಅವಳು ನಗುತ್ತಿದ್ದಳು. ಆದರೆ ಆ ಮೂರು ದಿನವೂ ಅವಳು ಆ ಕುರ್ಚಿ ಬಿಟ್ಟು ಏಳಲಿಲ್ಲ ಎಂದು ಲಿನ್ ಆಮೇಲೆ ಕೈಸನ್ನೆಯಲ್ಲಿ ಹೇಳಿದಳು.

ಹತ್ತನೇ ದಿನ

ಕಣ್ಣು ಬಿಟ್ಟಾಗ ಎದುರಿಗೆ ಅಶ್ವಿನಿ. ಅವಳ ಕೈಯಲ್ಲಿ ನನ್ನ ಹಾಳೆಗಳ ಕಟ್ಟು.

"ಇದ್ ಎಂತ ಅಮ್ಮಮ್ಮ? ಬರ್ದ್ ಇಟ್ಟದ್ ಯಾರ್?"

"ನಾನೇ. ಮತ್ಯಾರ್, ನಿನ್ನಜ್ಜ ಬಂದ್ ಬರ್ದ್ರಾ?"

"ನಿಂಗೆ ಮರ್ಲಾ? ಮಂಡೆ ಸಮ ಇತ್ತಾ ಇಲ್ಯಾ ಅಂತ ಕಾಂಬುಕೆ ಅವ್ರ್ ಬರೂಕ್ ಹೇಳ್ದ್. ಸಮ ಇಪ್ಪ ಹೊತ್ತಿಗೆ ಬರ್ದದ್ದನ್ನ ಸಮ ಇಲ್ದಿಪ್ಪ ಹೊತ್ತಿಗೆ ಕೊಟ್ರೆ ಅವ್ರಿಗೆ ಹ್ಯಾಂಗೆ ಗೊತ್ತಾಪ್ದ್?"

"ಅಕ್ಷರ ಹಾಳಾರೆ ಮನಿಗ್ ಕಳ್ಸ್ತ್ರ್ ಅಂದ್ಕಂಡೆ. ಪ್ರಯೋಗದಿಂದ ಬಿಡಿಸ್ತ್ರ್ ಅಂತ ನೀನೇ ಓದಿ ಹೇಳಿದ್ಯಲೆ."

"ಅದ್ ಕಣ ಹಾಕುಕ್ ಮುಂಚಿನ್ ಮಾತ್! ಒಳ್ಗ್ ಹೋದ್ದನ್ನ ಯಾರ್ ವಾಪಸ್ ತೆಗಿತ್ರ್?" ಅಷ್ಟು ಹೇಳಿ ಅವಳು ಆ ಹಾಳೆಗಳಲ್ಲೇ ಮುಖ ಮುಚ್ಚಿಕೊಂಡಳು. ಅವಳ ಹೆಗಲು ಅಲುಗುತ್ತಿತ್ತು. "ಕಾಗ್ದ ಒದ್ದಿ ಮಾಡ್ಬೇಡ" ಎಂದೆ.

ಮಧ್ಯಾಹ್ನ ಡಾಕ್ಟರು ಬಂದರು. ಫೋನಿನಲ್ಲಿ ಕನ್ನಡಕ್ಕೆ ತಿರುಗಿಸಿ ಹೇಳಲು ಒಬ್ಬ ಮನುಷ್ಯ, ಮೈಸೂರು ಕಡೆಯವನಿರಬೇಕು, ನಿಧಾನ ಮಾತು. ನಾನು ಮೊದಲೇ ಕೇಳಿಬಿಟ್ಟೆ, ಮನೆಗೆ ಕಳುಹಿಸುತ್ತೀರಾ ಎಂದು. ಇಲ್ಲ ಎಂದರು. ಇದು ಪರೀಕ್ಷೆಯಲ್ಲ, ಇದರಲ್ಲಿ ಪಾಸು ಫೇಲು ಇಲ್ಲ, ಅಕ್ಷರ ಕೆಟ್ಟ ಹಾಳೆಯೇ ನಮಗೆ ಬೇಕಾದ ಹಾಳೆ, ಬೇಗ ಸಿಕ್ಕಿದರೆ ಬೇಗ ಮದ್ದು ಕೊಡಬಹುದು ಎಂದರು. ಅವರ ದನಿ ಏರಲಿಲ್ಲ. ಮೂರು, ನಾಲ್ಕು, ಐದನೇ ದಿನದ ಹಾಳೆಗಳನ್ನು ತೆಗೆದು ಅಡ್ಡ ಗೆರೆ ಎಳೆದು ಪಕ್ಕದಲ್ಲಿ ಏನೋ ಬರೆದರು. ಏನು ಬರೆದಿರಿ ಎಂದು ಕೇಳಿದೆ.

"ಇವು ನಂಬುವ ಹಾಗಿಲ್ಲ ಎಂದು ಬರೆದಿದ್ದಾರೆ ಅಮ್ಮ" ಎಂದ ಫೋನಿನ ಮನುಷ್ಯ. "ಮುಂದೆ ಇದೇ ರೋಗದಿಂದ ಬರುವವರಿಗೆ ಯಾವ ದಿನ ಎಚ್ಚರ ಬೇಕು ಎಂದು ತಿಳಿಯುವುದು ಈ ಹಾಳೆಗಳಿಂದಲೇ ಅಂತೆ."

ಅದು ನನಗೆ ಬೈಗುಳಕ್ಕಿಂತ ಹೆಚ್ಚು ನಾಟಿತು. ನಲವತ್ತೆರಡು ವರ್ಷದಲ್ಲಿ ನಿನ್ನೆಯ ಮೀನನ್ನು ಇವತ್ತಿನದ್ದೆಂದು ಮಾರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಮಳೆಗಾಲದಲ್ಲಿ ಒಂದೆರಡು ಸಲ ಮಾರಿದ್ದೇನೆ. ಅವತ್ತು ಕೊಂಡವರು ಮಾರನೆಯ ದಿನ ಬಂದು ಬೈದರು, ಅಲ್ಲಿಗೆ ಮುಗಿಯಿತು. ಇಲ್ಲಿ ನಾನು ಕೊಟ್ಟ ಹಳೆಯ ಮೀನು ನನಗೆ ಮುಖ ಗೊತ್ತಿಲ್ಲದವರ ತಟ್ಟೆಗೆ ಹೋಗುವುದಿತ್ತು. ಬೈಂದೂರಿನಲ್ಲೋ ಬ್ರಹ್ಮಾವರದಲ್ಲೋ ನಾಳೆ ಇನ್ನೊಬ್ಬಳಿಗೆ ಇದೇ ರೋಗ ಬರಬಹುದು.

ನಾನು ದಿನಾ ಬರೆಯುವ ಸಾಲಿನ ಅರ್ಥವನ್ನು ಲಿನ್ ಕೇಳಿದಳು. ಅಶ್ವಿನಿ ಹೇಳಿದಳು. ಲಿನ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆಮೇಲೆ ನನ್ನ ಕಿವಿಯ ಹಿಂದಿನ ಕೂದಲನ್ನು ಬೆರಳಿಂದ ಎತ್ತಿ, ಬಗ್ಗಿ ನೋಡಿ, ಹೆಬ್ಬೆರಳು ತೋರಿಸಿದಳು. ಮಾರನೆಯ ದಿನದಿಂದ ಅವಳ ಎದುರೇ ಬರೆದೆ. ಕೈ ನಡುಗಿತು. ನಡುಗಲಿ ಎಂದು ಬಿಟ್ಟೆ. ಎಲ್ಲಿ ನೋವು ಎಂದು ಕೇಳಿದರೆ ಮೊದಲೆಲ್ಲ "ಗುಡ್, ಗುಡ್" ಎನ್ನುತ್ತಿದ್ದವಳು, ನೋವಿದ್ದಲ್ಲೆಲ್ಲ ಕೈ ಇಟ್ಟು ತೋರಿಸಿದೆ. ಎರಡು ಕೈ ಸಾಲಲಿಲ್ಲ.

ಕೊನೆಯ ವಾರ

ಒಂದು ತಿಂಗಳಾದ ಮೇಲೆ ಸೊಂಟದ ಎಲುಬಿಗೆ ಸೂಜಿ ಚುಚ್ಚಿ ಮಜ್ಜೆ ತೆಗೆದರು. ಫಲಿತಾಂಶಕ್ಕೆ ಕಾದ ದಿನಗಳಲ್ಲಿ ಅಶ್ವಿನಿ ಪೇಟೆಯ ಬೂಟಿನ ಹೆಂಗಸಿನ ಹತ್ತಿರ ಒಬ್ಬಳೇ ಹೋಗಿ ಮೀನು ತಂದು, ಪೊಟ್ಟಣದ ತೆಂಗಿನ ಹಾಲು ಹಾಕಿ ಸಾರು ಮಾಡಿದಳು. ಸಾರು ಹಾಗೆ ಹೀಗೆ, ಮೀನು ಚೆನ್ನಾಗಿತ್ತು.

ಬೇಬಿ ಫೋನ್ ಮಾಡಿದಳು. "ಎಂತ ಮಾರಾಯ್ತಿ, ಗುಣ ಆಯ್ತಾ ಇಲ್ಯಾ? ನಿನ್ ಬೈಂದೂರ್ ಗಿರಾಕಿ ಎಲ್ಲ ನನ್ನ ಜೀವ ತಿಂತ್ರ್, 'ಗುಲಾಬಿ ಎಲ್ಲಿ, ಗುಲಾಬಿ ಎಲ್ಲಿ' ಅಂತ."

"ನೀನ್ ಮೀನ್ ಸಮ ಕೊಟ್ರೆ ಅವ್ರೆಂತಕ್ ನನ್ನ ಕೇಂತ್ರ್?"

"ಜೋರ್ ಇದ್ಯಲೆ. ಹಂಗಾರೆ ಸಾಯುದಿಲ್ಲೆ ನೀನ್." ಅಷ್ಟು ಹೇಳಿ ಫೋನ್ ಇಟ್ಟುಬಿಟ್ಟಳು. ಅತ್ತದ್ದು ನನಗೆ ಕೇಳಬಾರದೆಂದು ಇಟ್ಟಳು ಎಂದು ನನಗೆ ಗೊತ್ತು.

ಫಲಿತಾಂಶದ ದಿನ ಡಾಕ್ಟರು ಕುರ್ಚಿ ಎಳೆಯಲಿಲ್ಲ, ನಿಂತೇ ಹೇಳಿದರು. ಈಗ ರೋಗ ಕಾಣುತ್ತಿಲ್ಲ. ಹೋಗಿದೆ ಎನ್ನುತ್ತಿಲ್ಲ, ಕಾಣುತ್ತಿಲ್ಲ ಎನ್ನುತ್ತಿದ್ದೇನೆ. ಎಷ್ಟು ದಿನ ಹೀಗಿರುತ್ತದೆ ಎಂದು ಯಾರಿಗೂ ಗೊತ್ತಿಲ್ಲ, ನಿಮ್ಮಂಥವರಿಂದಲೇ ನಮಗೂ ಗೊತ್ತಾಗಬೇಕು ಎಂದರು. ಅಷ್ಟು ನೇರವಾಗಿ ಹೇಳಿದ್ದಕ್ಕೆ ಅವರ ಮೇಲೆ ನನಗೆ ಗೌರವ ಹೆಚ್ಚಾಯಿತು. ದೇವರು ಕಾಪಾಡಿದ ಎಂದು ಊರಲ್ಲಿ ಎಲ್ಲರೂ ಹೇಳುತ್ತಾರೆ. ಇರಬಹುದು. ನನ್ನ ಕಣ್ಣಿಗೆ ಕಂಡದ್ದು ಬಾಗಿಲವರೆಗೆ ಹೋಗಿ ತಿರುಗಿ ಬಂದ ಲಿನ್, ಕುರ್ಚಿ ಬಿಟ್ಟೇಳದ ಅಶ್ವಿನಿ. ನನಗಿಂತ ಮೊದಲು ಈ ಪ್ರಯೋಗಕ್ಕೆ ಮೈಯೊಡ್ಡಿ ನಿಜವಾದ ಹಾಳೆ ಕೊಟ್ಟವರು ಕಣ್ಣಿಗೆ ಕಾಣದವರು. ಅವರಲ್ಲಿ ಎಷ್ಟು ಜನ ಮನೆಗೆ ಹೋದರೋ ನಾನು ಕೇಳಲಿಲ್ಲ. ಅವರಿಗೆಲ್ಲ ಕೈ ಮುಗಿಯುತ್ತೇನೆ.

ಹೊರಡುವ ಮೊದಲು ಒಂದು ಕಾಗದಕ್ಕೆ ಸಹಿ ಬೇಕಿತ್ತು. ಅಶ್ವಿನಿ ಓದುತ್ತಾ ಓದುತ್ತಾ ನಡುವೆ ನಿಲ್ಲಿಸಿದಳು.

"ಎಂತ? ಓದ್."

"ಇನ್ನ್ ಹದ್ನೈದ್ ವರ್ಷ ಅವ್ರ್ ನಿನ್ನ ವಿಚಾರಿಸ್ತಾ ಇರ್ತ್ರಂಬ್ರ್ ಅಮ್ಮಮ್ಮ. ಆಗಾಗ ಫೋನ್ ಮಾಡಿ, ಹ್ಯಾಂಗಿದ್ರಿ ಅಂತ ಕೇಂತ್ರಂಬ್ರ್. ಪ್ರಯೋಗದ್ ಕಾನೂನಂಬ್ರ್."

ನನಗೆ ಅರವತ್ತಾರು. ಹದಿನೈದು ಸೇರಿದರೆ ಎಂಬತ್ತೊಂದು. ನಮ್ಮ ಮನೆಯಲ್ಲಿ ಯಾವ ಹೆಂಗಸೂ ಆ ಅಂಕಿಯ ಹತ್ತಿರ ಸುಳಿದಿಲ್ಲ. ಇವರು ಅದನ್ನು ಅಚ್ಚು ಹಾಕಿಸಿ ಕೂತಿದ್ದಾರೆ.

ಕೆಳಗೆ ಫೋನ್ ನಂಬರಿಗೆ ಎರಡು ಗೆರೆ ಇತ್ತು. ಮೊದಲು ಯಾರಿಗೆ ಮಾಡಬೇಕು, ಅವರು ಸಿಗದಿದ್ದರೆ ಯಾರಿಗೆ ಎಂದು. ಅಶ್ವಿನಿ ನನ್ನ ಮುಖ ನೋಡದೆ ಮೊದಲ ಗೆರೆಯಲ್ಲಿ ತನ್ನ ನಂಬರು ಬರೆಯತೊಡಗಿದಳು.

ಅವಳ ಕೈಯ ಪೆನ್ನನ್ನು ಹಿಡಿದು ನಿಲ್ಲಿಸಿದೆ.

"ಅದನ್ನ ಹೊಡ್ದ್ ಹಾಕ್. ಮೊದ್ಲ್ ನಂದ್ ಬರಿ. ಫೋನ್ ನಾನೇ ತೆಗಿತೆ."